ಕಲ್ಲಿದ್ದಲು ಕಟ್ಟಿದ ನಾಡು: ಮೆಕ್‌ಡೊವೆಲ್ ಕೌಂಟಿಯ ಕಥೆ

ಈ ಮೂರು ಸಂಖ್ಯೆಗಳನ್ನು ಗಮನಿಸಿ: 3,074, 98,887, 19,111. ಇವು ಅಮೆರಿಕ ಸಂಯುಕ್ತ ಸಂಸ್ಥಾನದ ವೆಸ್ಟ್ ವರ್ಜೀನಿಯ ರಾಜ್ಯದಲ್ಲಿರುವ ಮೆಕ್‌ಡೊವೆಲ್ ಎಂಬ ಕೌಂಟಿಯ ಜನಸಂಖ್ಯೆ. ಕ್ರಮವಾಗಿ 1880, 1950 ಮತ್ತು 2020ರ ಜನಗಣತಿಗಳಲ್ಲಿ ದಾಖಲಾದವು. ಎಪ್ಪತ್ತು ವರ್ಷಗಳಲ್ಲಿ ಸುಮಾರು 32 ಪಟ್ಟು ಹೆಚ್ಚಿದ ಜನಸಂಖ್ಯೆ, ಮುಂದಿನ ಎಪ್ಪತ್ತು ವರ್ಷಗಳಲ್ಲಿ ಐದನೆಯ ಒಂದು ಭಾಗಕ್ಕೆ ಕುಸಿದಿದೆ. ಈ ಏರಿಳಿತಕ್ಕೆ ಬರಗಾಲವಾಗಲಿ ಯುದ್ಧವಾಗಲಿ ಕಾರಣವಲ್ಲ. ಕಾರಣ ನೆಲದಡಿಯಲ್ಲಿದೆ. ಒಂದು ಪ್ರದೇಶದ ಭೂವಿಜ್ಞಾನ ಅಲ್ಲಿನ ಜನಜೀವನವನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಜೌಗು ನೆಲದಿಂದ ಕಲ್ಲಿದ್ದಲಿಗೆ

ಸುಮಾರು 32 ಕೋಟಿ ವರ್ಷಗಳ ಹಿಂದೆ, ಕಾರ್ಬಾನಿಫೆರಸ್ ಯುಗದಲ್ಲಿ, ಈ ಪ್ರದೇಶ ಸಮಭಾಜಕ ವೃತ್ತದ ಬಳಿ ಇತ್ತು. ಅಲ್ಲಿನ ಜೌಗು ನೆಲದಲ್ಲಿ ದೈತ್ಯ ಗಾತ್ರದ ಪಾಚಿಬಂಧುಗಳೂ ಜರೀಗಿಡಗಳೂ ದಟ್ಟವಾಗಿ ಬೆಳೆಯುತ್ತಿದ್ದವು. ಸತ್ತು ನೀರಿಗೆ ಬಿದ್ದ ಸಸ್ಯಗಳು ಆಕ್ಸಿಜನ್ ಕೊರತೆಯಿಂದಾಗಿ ಪೂರ್ತಿ ಕೊಳೆಯದೆ ಪೀಟ್ ಆಗಿ ಶೇಖರವಾದವು. ಅವುಗಳ ಮೇಲೆ ಮರಳು, ಜೇಡಿ ಪದರಗಳು ಬಿದ್ದವು. ಒತ್ತಡ ಮತ್ತು ಉಷ್ಣತೆ ಹೆಚ್ಚಿದಂತೆ ಪೀಟ್‌ನಲ್ಲಿದ್ದ ನೀರು ಮತ್ತು ಅನಿಲಗಳು ಹೊರಹೋಗಿ ಕಾರ್ಬನ್ನಿನ ಪ್ರಮಾಣ ಹೆಚ್ಚುತ್ತ ಹೋಯಿತು. ಹೀಗೆ ಉಂಟಾದ ಅನೇಕ ಕಲ್ಲಿದ್ದಲು ಸ್ತರಗಳಲ್ಲಿ ಅತ್ಯಂತ ಹೆಸರಾದದ್ದು 'ಪೊಕಹಾಂಟಸ್ ಸಂಖ್ಯೆ 3'.

ಈ ಕಲ್ಲಿದ್ದಲಿನ ವಿಶೇಷವೇನು? ಕಾಯಿಸಿದಾಗ ಅನಿಲವಾಗಿ ಹೊರಬರುವ ಆವಿಶೀಲ ವಸ್ತುಗಳು ಇದರಲ್ಲಿ ಕಡಿಮೆ. ಈ ವಸ್ತುಗಳು ಪೂರ್ಣವಾಗಿ ಉರಿಯದಿದ್ದರೆ ಹೊಗೆ ಏಳುತ್ತದೆ. ಆದ್ದರಿಂದಲೇ ಪೊಕಹಾಂಟಸ್ ಕಲ್ಲಿದ್ದಲಿಗೆ 'ಹೊಗೆಯಿಲ್ಲದ ಕಲ್ಲಿದ್ದಲು' ಎಂಬ ಹೆಸರು ಬಂತು. ದೂರದಿಂದಲೇ ಹೊಗೆ ಕಂಡು ಶತ್ರುವಿಗೆ ಸುಳಿವು ಸಿಗಬಾರದೆಂದು ನೌಕಾಪಡೆಗಳು ಇದನ್ನು ಬಯಸುತ್ತಿದ್ದವು. ಇದರಲ್ಲಿ ಬೂದಿ ಮತ್ತು ಗಂಧಕದ ಅಂಶವೂ ಕಡಿಮೆ. ಗಾಳಿಯ ಸಂಪರ್ಕವಿಲ್ಲದೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಗಟ್ಟಿಯಾದ, ರಂಧ್ರಮಯವಾದ ಕೋಕ್ ಸಿಗುತ್ತದೆ. ಊದುಕುಲುಮೆಯಲ್ಲಿ ಕಬ್ಬಿಣದ ಅದಿರಿನ ಭಾರವನ್ನು ಹೊತ್ತು, ಬಿಸಿ ಅನಿಲಗಳು ಮೇಲೇರಲು ದಾರಿ ಬಿಡುವ ಕೆಲಸ ಈ ಕೋಕ್‌ನದು. ಗಂಧಕ ಹೆಚ್ಚಿದ್ದರೆ ಕಬ್ಬಿಣ ಪೆಡಸಾಗುತ್ತದೆ. ಹೀಗಾಗಿ ಉಕ್ಕಿನ ಕಾರ್ಖಾನೆಗಳಿಗೆ ಇದು ಅಚ್ಚುಮೆಚ್ಚಿನ ಕಲ್ಲಿದ್ದಲಾಯಿತು.

ಕಣಿವೆಗಳ ನಾಡು

ಮೆಕ್‌ಡೊವೆಲ್ ಕೌಂಟಿ ವೆಸ್ಟ್ ವರ್ಜೀನಿಯದ ದಕ್ಷಿಣ ತುದಿಯಲ್ಲಿದೆ. ವಿಸ್ತೀರ್ಣ ಸುಮಾರು 1,385 ಚದರ ಕಿಲೋಮೀಟರ್, ಅಂದರೆ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. ಇದು ಅಪಲೇಚಿಯನ್ ಪ್ರಸ್ಥಭೂಮಿಯ ಭಾಗ. ಆದರೆ ಪ್ರಸ್ಥಭೂಮಿ ಎಂದೊಡನೆ ಸಮತಟ್ಟಾದ ನೆಲವನ್ನು ಕಲ್ಪಿಸಿಕೊಳ್ಳಬೇಡಿ. ಇಲ್ಲಿ ಶಿಲಾಸ್ತರಗಳು ಬಹುಮಟ್ಟಿಗೆ ಅಡ್ಡಲಾಗಿಯೇ ಇವೆ. ಆದರೆ ಟಗ್ ಫೋರ್ಕ್ ನದಿ ಮತ್ತು ಅದರ ಉಪನದಿಗಳು ಈ ಸ್ತರಗಳನ್ನು ಲಕ್ಷಾಂತರ ವರ್ಷ ಕೊರೆದು ಕಡಿದಾದ, ಇಕ್ಕಟ್ಟಾದ ಕಣಿವೆಗಳನ್ನು ಮಾಡಿವೆ. ಮೇಲಿನಿಂದ ನೋಡಿದರೆ ನದೀಜಾಲ ಮರದ ಕೊಂಬೆರೆಂಬೆಗಳಂತೆ ಹರಡಿರುವುದು ಕಾಣುತ್ತದೆ.

ನದಿ ಕೊರೆದದ್ದರಿಂದ ಗಣಿಗಾರರಿಗೆ ಒಂದು ಅನುಕೂಲವಾಯಿತು. ಕೌಂಟಿಯ ಪೂರ್ವ ಭಾಗದಲ್ಲಿ ಕಲ್ಲಿದ್ದಲಿನ ಸ್ತರ ಕಣಿವೆಯ ಗೋಡೆಯಲ್ಲಿ ಕಪ್ಪು ಪಟ್ಟಿಯಂತೆ ಹೊರಗೇ ಕಾಣುತ್ತಿತ್ತು. ಬಾವಿ ತೋಡುವ ಅಗತ್ಯವಿರಲಿಲ್ಲ. ಬೆಟ್ಟದ ಪಕ್ಕದಿಂದ ನೇರವಾಗಿ ಸುರಂಗ ಕೊರೆದರೆ ಸಾಕಿತ್ತು. ಸ್ತರಗಳು ವಾಯವ್ಯದ ಕಡೆಗೆ ಸ್ವಲ್ಪ ವಾಲಿರುವುದರಿಂದ, ಆ ದಿಕ್ಕಿಗೆ ಹೋದಂತೆ ಕಲ್ಲಿದ್ದಲು ಕಣಿವೆಯ ತಳಕ್ಕಿಂತ ಕೆಳಗೆ ಇಳಿಯುತ್ತದೆ. ಬಾರ್ಟ್ಲಿ, ಕೋಲ್‌ವುಡ್ ಮೊದಲಾದ ಊರುಗಳಲ್ಲಿ ನೂರಾರು ಅಡಿ ಆಳದ ಬಾವಿಗಣಿಗಳನ್ನು ತೋಡಬೇಕಾದದ್ದು ಇದರಿಂದಲೇ.

ರೈಲು ಬಂತು, ಜನ ಬಂದರು

ಕೌಂಟಿ ರಚನೆಯಾದದ್ದು 1858ರಲ್ಲಿ. ಆಗ ಅದು ವರ್ಜೀನಿಯ ರಾಜ್ಯದಲ್ಲಿತ್ತು. ಅಮೆರಿಕದ ಅಂತರ್ಯುದ್ಧದ ನಡುವೆ, 1863ರಲ್ಲಿ, ಹೊಸದಾಗಿ ಹುಟ್ಟಿದ ವೆಸ್ಟ್ ವರ್ಜೀನಿಯಕ್ಕೆ ಸೇರಿತು. ನೆಲದಡಿ ಸಂಪತ್ತಿದ್ದರೂ ಸಾಗಿಸಲು ದಾರಿ ಇರಲಿಲ್ಲ. ಚದುರಿದ ರೈತ ಕುಟುಂಬಗಳಷ್ಟೇ ಇಲ್ಲಿದ್ದವು. ನಾರ್ಫಕ್ ಅಂಡ್ ವೆಸ್ಟರ್ನ್ ರೈಲ್ವೆ 1883ರಲ್ಲಿ ನೆರೆಯ ವರ್ಜೀನಿಯದ ಪೊಕಹಾಂಟಸ್ ಊರಿನಿಂದ ಕಲ್ಲಿದ್ದಲು ಸಾಗಿಸಲು ಆರಂಭಿಸಿತು. 1888ರಲ್ಲಿ ಬೆಟ್ಟದ ಅಡಿ ಎಲ್ಕ್‌ಹಾರ್ನ್ ಸುರಂಗ ಸಿದ್ಧವಾದಾಗ ಮೆಕ್‌ಡೊವೆಲ್‌ನ ಕಣಿವೆಗಳು ತೆರೆದುಕೊಂಡವು. ಜನಸಂಖ್ಯೆ 1900ರಲ್ಲಿ 18,747ಕ್ಕೆ, 1920ರಲ್ಲಿ 68,571ಕ್ಕೆ ಏರಿತು.

ದಕ್ಷಿಣದ ರಾಜ್ಯಗಳಿಂದ ಕರಿಯ ಜನಾಂಗದ ಕಾರ್ಮಿಕರು, ಯೂರೋಪಿನಿಂದ ಹಂಗೇರಿ, ಇಟಲಿ, ಪೋಲೆಂಡ್ ಮೂಲದವರು ಬಂದರು. ಕಂಪನಿಗಳು ಗಣಿಯ ಬಾಯಿಯ ಬಳಿಯೇ ಊರು ಕಟ್ಟಿದವು. ಮನೆ, ಅಂಗಡಿ, ನೀರಿನ ಕೊಳವೆ ಎಲ್ಲವೂ ಕಂಪನಿಯದೇ. ಕೂಲಿಯ ಒಂದು ಭಾಗವನ್ನು ಕಂಪನಿಯ ಅಂಗಡಿಯಲ್ಲಷ್ಟೇ ಚಲಾವಣೆಯಾಗುವ ಬಿಲ್ಲೆಗಳಲ್ಲಿ ಕೊಡುವ ಪದ್ಧತಿಯೂ ಇತ್ತು. ಕೌಂಟಿಯ ಕೇಂದ್ರವಾದ ವೆಲ್ಚ್ ಪಟ್ಟಣ ಎರಡು ಹೊಳೆಗಳು ಸೇರುವ ಇಕ್ಕಟ್ಟಿನ ಜಾಗದಲ್ಲಿದೆ. ಕಾರು ನಿಲ್ಲಿಸಲೂ ಸಮತಟ್ಟಾದ ಜಾಗವಿಲ್ಲದೆ 1941ರಲ್ಲಿ ಪುರಸಭೆಯೇ ಅಂತಸ್ತುಗಳ ವಾಹನ ನಿಲುಗಡೆ ಕಟ್ಟಡವನ್ನು ಕಟ್ಟಿಸಬೇಕಾಯಿತು!

ತೆತ್ತ ಬೆಲೆ

ಕಲ್ಲಿದ್ದಲಿನ ಸ್ತರದಲ್ಲಿ ಮೀಥೇನ್ ಅನಿಲ ಸೇರಿರುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಶೇ. 5ರಿಂದ 15ರವರೆಗೆ ಇದ್ದಾಗ ಒಂದು ಕಿಡಿ ತಗುಲಿದರೂ ಸ್ಫೋಟವಾಗುತ್ತದೆ. ಆ ಹೊಡೆತಕ್ಕೆ ಮೇಲೆದ್ದ ಕಲ್ಲಿದ್ದಲಿನ ಧೂಳು ಹೊತ್ತಿಕೊಂಡರೆ ಬೆಂಕಿ ಸುರಂಗದುದ್ದಕ್ಕೂ ಓಡುತ್ತದೆ. 1940ರ ಜನವರಿ 10ರಂದು ಬಾರ್ಟ್ಲಿ ಗಣಿಯಲ್ಲಿ ಸಂಭವಿಸಿದ ಸ್ಫೋಟದಲ್ಲಿ 91 ಮಂದಿ ಸತ್ತರು. ಮರುವರ್ಷ ಬಂದ ಕಾನೂನು ಕೇಂದ್ರ ಸರ್ಕಾರದ ತನಿಖಾಧಿಕಾರಿಗಳಿಗೆ ಗಣಿಯೊಳಗೆ ಹೋಗುವ ಅಧಿಕಾರ ಕೊಟ್ಟಿತು. ಗಣಿಯ ಗೋಡೆಗಳಿಗೆ ಸುಣ್ಣಕಲ್ಲಿನ ಪುಡಿ ಎರಚುವುದು ಇಂಥ ಸ್ಫೋಟ ಹರಡದಂತೆ ತಡೆಯುವ ಸರಳ ಉಪಾಯ. ಆ ಪುಡಿ ಶಾಖವನ್ನು ಹೀರಿಕೊಳ್ಳುತ್ತದೆ.

ಕಾರ್ಮಿಕ ಸಂಘಕ್ಕಾಗಿಯೂ ರಕ್ತ ಹರಿಯಿತು. ಗಣಿ ಕಾರ್ಮಿಕರ ಪರ ನಿಂತಿದ್ದ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ 1921ರ ಆಗಸ್ಟ್ 1ರಂದು ವೆಲ್ಚ್‌ನ ನ್ಯಾಯಾಲಯದ ಮೆಟ್ಟಿಲ ಮೇಲೆಯೇ ಗುಂಡಿಗೆ ಬಲಿಯಾದರು. ಅದೇ ತಿಂಗಳ ಕೊನೆಗೆ ಸಾವಿರಾರು ಗಣಿ ಕಾರ್ಮಿಕರು ಬಂದೂಕು ಹಿಡಿದು ಬ್ಲೇರ್ ಬೆಟ್ಟದತ್ತ ನಡೆದರು. ಕೊನೆಗೆ ಸೈನ್ಯ ಬರಬೇಕಾಯಿತು.

ಕಲ್ಲಿದ್ದಲು ಮುಗಿಯಲಿಲ್ಲ, ಕೆಲಸ ಮುಗಿಯಿತು

1950ರ ನಂತರ ಜನಸಂಖ್ಯೆ ಇಳಿದದ್ದೇಕೆ? ಕಲ್ಲಿದ್ದಲು ಬರಿದಾಗಿರಬೇಕು ಎಂದು ನೀವು ಊಹಿಸಬಹುದು. ಅದು ಮುಖ್ಯ ಕಾರಣವಲ್ಲ. ರೈಲು ಎಂಜಿನ್‌ಗಳು ಡೀಸೆಲ್‌ಗೆ, ಮನೆಗಳ ಒಲೆಗಳು ತೈಲ ಮತ್ತು ಅನಿಲಕ್ಕೆ ಬದಲಾದವು. ಇದರ ಜೊತೆಗೆ ಯಂತ್ರಗಳು ಬಂದವು. 1940ರ ದಶಕದ ಕೊನೆಗೆ ಬಂದ ನಿರಂತರ ಗಣಿಯಂತ್ರ, ಕಲ್ಲಿದ್ದಲನ್ನು ಕೆರೆದು ತಾನೇ ತುಂಬುತ್ತದೆ. ಕೊರೆಯುವ, ಸಿಡಿಸುವ, ಸಲಿಕೆಯಿಂದ ತುಂಬುವ ಹತ್ತಾರು ಜನರ ಕೆಲಸ ಒಂದು ಯಂತ್ರಕ್ಕೆ ಹೋಯಿತು. ಇಡೀ ದೇಶದ ಲೆಕ್ಕ ನೋಡಿ: 1950ರಲ್ಲಿ ಬಿಟುಮಿನಸ್ ಗಣಿಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ಸುಮಾರು 51 ಕೋಟಿ ಟನ್ ತೆಗೆಯುತ್ತಿದ್ದರು, 1970ರಲ್ಲಿ ಸುಮಾರು 1.4 ಲಕ್ಷ ಮಂದಿ 60 ಕೋಟಿ ಟನ್ ತೆಗೆದರು. ಮೆಕ್‌ಡೊವೆಲ್‌ನ ಜನಸಂಖ್ಯೆ ಆ ಇಪ್ಪತ್ತು ವರ್ಷಗಳಲ್ಲಿ 98,887ರಿಂದ 50,666ಕ್ಕೆ ಇಳಿಯಿತು.

ಬಡತನ ಎಷ್ಟಿತ್ತೆಂದರೆ, 1961ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿಯವರ ಆಡಳಿತ ಆಹಾರ ಚೀಟಿಯ ಪ್ರಾಯೋಗಿಕ ಯೋಜನೆ ಆರಂಭಿಸಿದಾಗ ಮೊದಲ ಚೀಟಿಗಳು ಸಿಕ್ಕಿದ್ದು ಈ ಕೌಂಟಿಯ ಒಂದು ಕುಟುಂಬಕ್ಕೆ. 1980ರ ದಶಕದಲ್ಲಿ ಅಮೆರಿಕದ ಉಕ್ಕಿನ ಉದ್ಯಮ ಕುಗ್ಗಿದಾಗ ಗ್ಯಾರಿ ಎಂಬಲ್ಲಿನ ದೊಡ್ಡ ಗಣಿಗಳೂ ಮುಚ್ಚಿದವು.

ಬೇರೆ ಉದ್ಯಮ ಏಕೆ ಬರಲಿಲ್ಲ? ಉತ್ತರ ಮತ್ತೆ ಭೂಗೋಳದಲ್ಲಿದೆ. ಬೇಸಾಯಕ್ಕೂ ಕಾರ್ಖಾನೆಗೂ ಬೇಕಾದ ಸಮತಟ್ಟಾದ ನೆಲ ಹೊಳೆಯ ದಡದಲ್ಲಷ್ಟೇ ಇದೆ. ಅದೇ ನೆಲ ಪ್ರವಾಹಕ್ಕೂ ತುತ್ತಾಗುತ್ತದೆ. 2001, 2002 ಮತ್ತು 2025ರಲ್ಲಿ ಭಾರಿ ಪ್ರವಾಹಗಳು ಬಂದವು. ಉಳಿದ ಭೂಮಿಯ ಬಹುಭಾಗ ಹೊರಗಿನ ಭೂಕಂಪನಿಗಳ ಕೈಯಲ್ಲಿದೆ. ಗಣಿಗಳು ಮುಚ್ಚಿದ ಮೇಲೆ ಕಂಪನಿಗಳು ಹಾಕಿದ್ದ ನೀರಿನ ಕೊಳವೆಗಳನ್ನು ಸುಸ್ಥಿತಿಯಲ್ಲಿಡುವ ಹೊಣೆ ಬಡ ಪಟ್ಟಣಗಳ ಮೇಲೆ ಬಿತ್ತು.

ಒಂದು ಶಾಲೆಯ ನೆನಪು

ಕೋಲ್‌ವುಡ್‌ನ ಗಣಿ ಅಧಿಕಾರಿಯ ಮಗ ಹೋಮರ್ ಹಿಕಮ್ 1957ರಲ್ಲಿ ಸ್ಪುಟ್ನಿಕ್ ಉಪಗ್ರಹ ಹಾರಿದ ಸುದ್ದಿ ಕೇಳಿ ಗೆಳೆಯರೊಡನೆ ರಾಕೆಟ್ ತಯಾರಿಸತೊಡಗಿದ. ಬಿಗ್ ಕ್ರೀಕ್ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ಫ್ರೀಡಾ ರೈಲಿ ಹುರಿದುಂಬಿಸಿದರು. ಗಣಿಯ ಕಾರ್ಯಾಗಾರದ ಕುಶಲಕರ್ಮಿಗಳು ಬಿಡಿಭಾಗಗಳನ್ನು ಕಡೆದುಕೊಟ್ಟರು. 1960ರ ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಈ ಹುಡುಗರ ಕೆಲಸಕ್ಕೆ ಪದಕ ಬಂತು. ಹಿಕಮ್ ಮುಂದೆ ನಾಸಾದ ಎಂಜಿನಿಯರ್ ಆದರು. ಗಣಿಯ ಊರಿನ ಕೈಕೆಲಸದ ಜ್ಞಾನವೂ ಒಬ್ಬ ಶಿಕ್ಷಕಿಯ ಕಾಳಜಿಯೂ ಕೂಡಿದಾಗ ಏನಾಗಬಹುದೆಂದು ಇದು ತೋರಿಸುತ್ತದೆ. ಆದರೆ ಹೀಗೆ ಓದಿದವರಿಗೆ ಊರಿನಲ್ಲಿ ಕೆಲಸವಿರಲಿಲ್ಲ, ಅವರು ಹೊರಟುಹೋದರು. ಮಕ್ಕಳು ಕಡಿಮೆಯಾಗಿ 2010ರಲ್ಲಿ ಆ ಶಾಲೆಯೂ ಮುಚ್ಚಿತು.

ತರಗತಿಯಲ್ಲಿ ಹೀಗೆ ಮಾಡಿ: ಲೇಖನದಲ್ಲಿರುವ ಜನಗಣತಿಯ ಅಂಕಿಗಳಿಗೆ 1930 (90,479), 1990 (35,233) ಮತ್ತು 2010ರ (22,113) ಅಂಕಿಗಳನ್ನು ಸೇರಿಸಿ ರೇಖಾಚಿತ್ರ ಬರೆಸಿ. ಪ್ರತಿಯೊಂದು ತಿರುವಿನ ಬಳಿ ಅದಕ್ಕೆ ಕಾರಣವಾದ ಘಟನೆಯನ್ನು ವಿದ್ಯಾರ್ಥಿಗಳೇ ಗುರುತಿಸಲಿ. ಅನಂತರ ಒಂದು ಪ್ರಶ್ನೆ ಕೇಳಿ: ಒಂದೇ ಸಂಪನ್ಮೂಲವನ್ನು ನಂಬಿದ ಊರು, ಆ ಸಂಪನ್ಮೂಲ ಇನ್ನೂ ಇರುವಾಗಲೇ ಮಾಡಿಕೊಳ್ಳಬೇಕಾದ ಸಿದ್ಧತೆಗಳು ಯಾವುವು?