ಉದ್ದದ ಹಾಡು, ನೂರು ಬಗೆಯ ಕಿವಿ

1972ರಲ್ಲಿ ಬ್ರಿಟನ್ನಿನ ‘ವ್ಯಾನ್ ಡರ್ ಗ್ರಾಫ್ ಜನರೇಟರ್’ ಬ್ಯಾಂಡಿನ ‘ಪಾನ್ ಹಾರ್ಟ್ಸ್’ ಆಲ್ಬಂ ಇಟಲಿಯ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತವರಿನಲ್ಲಿ ಅದೇ ಆಲ್ಬಂ ಪಟ್ಟಿಯೊಳಗೇ ಬರಲಿಲ್ಲ. ಬ್ರಿಟಿಷ್ ಆವೃತ್ತಿಯಲ್ಲಿ ಇದ್ದದ್ದು ಮೂರೇ ರಚನೆ. ಅದರಲ್ಲೊಂದು ಎಲ್‌ಪಿ ತಟ್ಟೆಯ ಇಡೀ ಒಂದು ಪಾರ್ಶ್ವವನ್ನು ತುಂಬಿಕೊಂಡಿತ್ತು. ಗಿಟಾರಿಗಿಂತ ಸ್ಯಾಕ್ಸೋಫೋನ್ ಮತ್ತು ಆರ್ಗನ್ ಮುಂದಿದ್ದವು. ಪೀಟರ್ ಹ್ಯಾಮಿಲ್‌ನ ಕಂಠ ಪಿಸುಮಾತಿನಿಂದ ಚೀರಾಟಕ್ಕೆ ಹಾರುತ್ತಿತ್ತು. ಇಂಗ್ಲಿಷ್ ಸಾಹಿತ್ಯ ಪೂರ್ತಿ ಅರ್ಥವಾಗದ ಇಟಲಿಯ ತರುಣರು ಇದನ್ನು ಅಪ್ಪಿಕೊಂಡರು. ‘ಜೆನೆಸಿಸ್’ ಬ್ಯಾಂಡಿಗೂ ಅಲ್ಲಿ ಅಂಥದ್ದೇ ಸ್ವಾಗತ ಸಿಕ್ಕಿತು. ಅದನ್ನು ಬ್ರಿಟನ್ ದೊಡ್ಡ ಪ್ರಮಾಣದಲ್ಲಿ ಗುರುತಿಸುವ ಮೊದಲೇ ಇಟಲಿ, ಬೆಲ್ಜಿಯಂನ ಕೇಳುಗರು ಗುರುತಿಸಿದ್ದರು. ಒಂದೇ ಸಂಗೀತ, ಒಂದೇ ಕಾಲ. ಆದರೂ ಕಿವಿಗಳು ಬೇರೆ. ಪ್ರೊಗ್ರೆಸಿವ್ ರಾಕ್ ಅಥವಾ ಪ್ರೋಗ್ ಎನ್ನುವ ಈ ಸಂಗೀತದ ಅಭಿಮಾನಿಗಳ ಅಭಿರುಚಿಯನ್ನು ಕುರಿತ ಯಾವ ಚರ್ಚೆಯೂ ಈ ಸಂಗತಿಯನ್ನು ಎದುರಿಗಿಟ್ಟುಕೊಂಡೇ ಶುರುವಾಗಬೇಕು.

ಈ ಅಭಿಮಾನಿಗಳ ಬಗ್ಗೆ ಒಂದು ಸಿದ್ಧ ಚಿತ್ರ ಚಾಲ್ತಿಯಲ್ಲಿದೆ. ಅವರಿಗೆ ಹಾಡು ಉದ್ದವಿದ್ದಷ್ಟೂ ಒಳ್ಳೆಯದು, ತಾಳ ತೊಡಕಾದಷ್ಟೂ ಶ್ರೇಷ್ಠ. ಮೂರು ನಿಮಿಷದ ಹಾಡನ್ನು ಅವರು ಕೀಳಾಗಿ ಕಾಣುತ್ತಾರೆ. ಎಲ್ಲರೂ ಅದೇ ಹತ್ತು ಆಲ್ಬಂಗಳನ್ನು ಪೂಜಿಸುತ್ತಾರೆ ಎಂಬುದು ಅದರ ಸಾರ. ಈ ಚಿತ್ರ ತಪ್ಪು ಎಂಬುದು ನನ್ನ ವಾದ. ಪ್ರೋಗ್ ಕೇಳುಗರನ್ನು ಒಟ್ಟುಗೂಡಿಸುವುದು ಒಂದು ನಿರ್ದಿಷ್ಟ ನಾದದ ಮೇಲಿನ ನಿಷ್ಠೆಯಲ್ಲ. ರಚನೆಯೊಂದಕ್ಕೆ ಅದು ಬೇಡುವಷ್ಟು ಸಮಯ ಕೊಟ್ಟು, ಪೂರ್ತಿ ಕೇಳಿ, ಆಮೇಲೆ ತೀರ್ಪು ಹೇಳುವ ಅಭ್ಯಾಸವೇ ಅವರನ್ನು ಒಂದುಗೂಡಿಸುತ್ತದೆ. ಹಾಗೆ ಕೇಳಿದ ಮೇಲೆ ಒಬ್ಬೊಬ್ಬರ ತೀರ್ಪು ಒಂದೊಂದು ಬಗೆಯಾಗುವುದು ಸಹಜ. ಆ ಭಿನ್ನಮತವೇ ಈ ಪ್ರಕಾರದ ಆರೋಗ್ಯದ ಲಕ್ಷಣ. ಅದನ್ನು ಮೇಲು-ಕೀಳಿನ ಶ್ರೇಣಿಯಾಗಿ ಮಾಡಿದಾಗ ಮಾತ್ರ ಅಭಿಮಾನ ಕೆಡುತ್ತದೆ.

ಮೊದಲಿಗೆ ಸಂಗೀತವನ್ನೇ ನೋಡೋಣ. 1969ರ ಅಕ್ಟೋಬರಿನಲ್ಲಿ ಹೊರಬಂದ ಕಿಂಗ್ ಕ್ರಿಮ್ಸನ್‌ನ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಆಲ್ಬಂನಿಂದ ಈ ಪರಂಪರೆಯ ಲೆಕ್ಕ ಹಿಡಿಯುವುದು ವಾಡಿಕೆ. ಆ ಒಂದೇ ತಟ್ಟೆಯಲ್ಲಿ ಕರ್ಕಶ ಗಿಟಾರ್ ಮತ್ತು ಸ್ಯಾಕ್ಸೋಫೋನಿನ ಆರ್ಭಟವಿದೆ, ಕೊಳಲಿನ ಮೆಲುದನಿಯ ಹಾಡಿದೆ, ಮೆಲ್ಲೋಟ್ರಾನ್ ಎಂಬ ಕೀಬೋರ್ಡ್ ಕಟ್ಟಿಕೊಡುವ ವಾದ್ಯಮೇಳದ ಗಾಂಭೀರ್ಯವಿದೆ. ‘ಮೂನ್‌ಚೈಲ್ಡ್’ ಎಂಬ ಹನ್ನೆರಡು ನಿಮಿಷದ ರಚನೆಯಲ್ಲಿ ಹಾಡು ಬೇಗ ಮುಗಿದು, ಉಳಿದ ಹೊತ್ತೆಲ್ಲ ವಾದಕರು ಅತಿ ಸಣ್ಣ ದನಿಯಲ್ಲಿ ಮನೋಧರ್ಮಕ್ಕೆ ಬಿಟ್ಟುಕೊಟ್ಟು ನುಡಿಸುತ್ತಾರೆ. ಆಲ್ಬಂ ಅನ್ನು ಮೇರುಕೃತಿ ಎನ್ನುವವರಲ್ಲೂ ಈ ಭಾಗದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಅದರಿಂದಾಚೆಗೆ ದಾರಿಗಳು ಕವಲೊಡೆದವು. ‘ಯೆಸ್’ ಬ್ಯಾಂಡಿನದು ಹೊಳೆಯುವ ಕಂಠಮೇಳ. ಎಮರ್ಸನ್, ಲೇಕ್ ಅಂಡ್ ಪಾಮರ್ ಅವರದು ರಷ್ಯನ್ ಸಂಯೋಜಕ ಮುಸ್ಸೋರ್ಗ್‌ಸ್ಕಿಯನ್ನು ರಾಕ್ ವೇದಿಕೆಗೆ ತಂದ ಕೀಬೋರ್ಡ್ ಸಾಹಸ. ಜೆಥ್ರೊ ಟಲ್‌ನದು ಇಂಗ್ಲಿಷ್ ಜಾನಪದದ ಮಣ್ಣು. ಕ್ಯಾಂಟರ್ಬರಿಯ ಸಾಫ್ಟ್ ಮಷೀನ್ ಜಾಜ್ ಕಡೆಗೆ ವಾಲಿತು. ಫ್ರಾನ್ಸಿನ ‘ಮಾಗ್ಮಾ’ ತನ್ನ ಹಾಡಿಗಾಗಿ ಒಂದು ಕಲ್ಪಿತ ಭಾಷೆಯನ್ನೇ ಸೃಷ್ಟಿಸಿತು. ಇಟಲಿಯ ‘ಬ್ಯಾಂಕೊ’ದಲ್ಲಿ ಆಪೆರಾದ ಗಾಯನಶೈಲಿ, ‘ಆರಿಯಾ’ದಲ್ಲಿ ಎಡಪಂಥೀಯ ರಾಜಕೀಯ. ಇವೆಲ್ಲವನ್ನೂ ಸಮನಾಗಿ ಪ್ರೀತಿಸುವ ಕೇಳುಗ ಅಪರೂಪ. ಪ್ರೋಗ್ ಅಭಿಮಾನಿಯಾಗುವುದೆಂದರೆ ಇಷ್ಟು ದಾರಿಗಳ ನಡುವೆ ತನ್ನದನ್ನು ತಾನೇ ಆರಿಸಿಕೊಳ್ಳುವುದು.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ: ಉದ್ದವೇ ಈ ಸಂಗೀತದ ದೌರ್ಬಲ್ಯ, ಹೇಳಲು ಹೆಚ್ಚೇನೂ ಇಲ್ಲದಾಗ ಇಪ್ಪತ್ತು ನಿಮಿಷ ಎಳೆಯುತ್ತಾರೆ, ಅಭಿಮಾನಿಗಳು ಆ ಎಳೆತವನ್ನೇ ಆಳವೆಂದು ಭ್ರಮಿಸುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. 1973ರ ‘ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಶನ್ಸ್’ ಆಲ್ಬಂ ಇದಕ್ಕೆ ಒಳ್ಳೆಯ ಉದಾಹರಣೆ. ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ಯ ಒಂದು ಅಡಿಟಿಪ್ಪಣಿ ಓದಿ ಪ್ರೇರಿತನಾದ ‘ಯೆಸ್’ ಗಾಯಕ ಜಾನ್ ಆಂಡರ್ಸನ್, ನಾಲ್ಕು ಬಗೆಯ ಶಾಸ್ತ್ರಗಳಿಗೆ ನಾಲ್ಕು ಪಾರ್ಶ್ವಗಳೆಂಬಂತೆ ಎರಡು ತಟ್ಟೆಗಳ ಯೋಜನೆ ಹಾಕಿದ. ಹಾಡು ನಾಲ್ಕೇ, ಒಂದೊಂದೂ ಸುಮಾರು ಇಪ್ಪತ್ತು ನಿಮಿಷ. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೇನೋ ಏರಿತು. ಆದರೆ ಬ್ಯಾಂಡಿನ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ಗೇ ಅದು ಹಿಡಿಸಲಿಲ್ಲ. ಮರುವರ್ಷ ಆತ ಬ್ಯಾಂಡ್ ಬಿಟ್ಟ. ಅಭಿಮಾನಿಗಳೂ ಅಂದಿನಿಂದ ಇಂದಿನವರೆಗೆ ಎರಡು ಪಾಳೆಯ. ಅದೇ ಬ್ಯಾಂಡಿನ 1972ರ ‘ಕ್ಲೋಸ್ ಟು ದಿ ಎಡ್ಜ್’ ಹದಿನೆಂಟು ನಿಮಿಷ ದಾಟುವ ರಚನೆ. ಅದರ ಬಿಗಿಯನ್ನು ಮಾತ್ರ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಉದ್ದವೇ ಮಾನದಂಡವಾಗಿದ್ದರೆ ಈ ವ್ಯತ್ಯಾಸ ಬರುತ್ತಿರಲಿಲ್ಲ. ಆರಂಭದ ಸ್ವರಗುಚ್ಛ ನಡುವೆ ಕರಗಿ, ಕೊನೆಯಲ್ಲಿ ಬೇರೊಂದು ಭಾವದಲ್ಲಿ ಮರಳುವುದನ್ನು ಕಿವಿ ಹಿಡಿಯುತ್ತದೆ. ಹಾಗೆ ಮರಳದೆ ಅಲೆದಾಡಿದಾಗ ಅದನ್ನೂ ಹಿಡಿಯುತ್ತದೆ. ಎಳೆತವನ್ನು ಎಲ್ಲರಿಗಿಂತ ಮೊದಲು ಗುರುತಿಸುವವರು ಉದ್ದದ ರಚನೆಗಳನ್ನು ಪೂರ್ತಿ ಕೇಳಿ ರೂಢಿಯಿದ್ದವರೇ.

ಎರಡನೆಯ ಆಕ್ಷೇಪ ತಾಳದ ಲೆಕ್ಕಾಚಾರದ ಕುರಿತದ್ದು. ಏಳು, ಐದು, ಒಂಬತ್ತರ ಎಣಿಕೆ ಬುದ್ಧಿಯ ಕಸರತ್ತು, ಹೃದಯಕ್ಕೆ ಸಂಬಂಧವಿಲ್ಲ ಎನ್ನುತ್ತಾರೆ. ಈ ಟೀಕೆ ಹುಟ್ಟಿದ್ದು ನಾಲ್ಕರ ನಡೆಯೇ ಸಹಜವೆಂದು ಭಾವಿಸುವ ಪಾಶ್ಚಾತ್ಯ ಜನಪ್ರಿಯ ಸಂಗೀತದ ಒಳಗೆ. ಮಿಶ್ರ ಚಾಪು, ಖಂಡ ಚಾಪುಗಳ ಕೀರ್ತನೆಗಳನ್ನು ಕೇಳಿ ಬೆಳೆದ ಕನ್ನಡದ ಕಿವಿಗೆ ಏಳು ಮತ್ತು ಐದರಲ್ಲಿ ಭಾವವೂ ಇರುತ್ತದೆ ಎಂದು ಯಾರೂ ವಿವರಿಸಬೇಕಿಲ್ಲ. ಪಿಂಕ್ ಫ್ಲಾಯ್ಡ್‌ನ ‘ಮನಿ’ ಏಳರ ಎಣಿಕೆಯಲ್ಲಿ ಸಾಗಿ, ಗಿಟಾರ್ ಏಕವಾದನಕ್ಕೆ ಬಂದಾಗ ನಾಲ್ಕಕ್ಕೆ ಹೊರಳುತ್ತದೆ. ಆ ಹೊರಳಿನಲ್ಲಿ ಸಿಗುವ ಬಿಡುಗಡೆ ಮೈಗೆ ತಟ್ಟುವಂಥದ್ದು. ಆ ಹಾಡಿರುವ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ 1973ರಿಂದ 1988ರ ನಡುವೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಇತ್ತು. ಅಷ್ಟು ಜನ ಬೆರಳೆಣಿಸುತ್ತ ಕುಳಿತಿರಲಿಲ್ಲ. ಎಣಿಕೆ ಗೊತ್ತಿಲ್ಲದೆಯೇ ಅದರ ಸುಖ ಪಡೆದರು. ಕೆನಡಾದ ‘ರಶ್’ ತನ್ನ ‘ವೈವೈಝೆಡ್’ ರಚನೆಯ ಆರಂಭದ ಲಯವನ್ನು ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರಗಳ ಮೋರ್ಸ್ ರೂಪದಿಂದಲೇ ಪಡೆಯಿತು. ಅದರ ಹಿಂದಿರುವುದು ಹೊರನಾಡುಗಳಲ್ಲಿ ತಿರುಗಿ ಊರಿಗೆ ಮರಳುವ ಭಾವ. ಲೆಕ್ಕವೂ ಭಾವವೂ ಜತೆಯಾಗಿ ನಡೆಯಬಲ್ಲವು.

ಮೂರನೆಯದು ಹೆಚ್ಚು ಗಂಭೀರ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1979ರ ತನ್ನ ಪ್ರಸಿದ್ಧ ಕೃತಿಯಲ್ಲಿ, ಅಭಿರುಚಿ ಎಂದು ನಾವು ಕರೆಯುವುದು ಬಹುಪಾಲು ವರ್ಗದ ಗುರುತು ಎಂದು ವಾದಿಸಿದ. ಹಾಗಾದರೆ ಪ್ರೋಗ್ ಅಭಿಮಾನವೂ ಓದಿದ ಮಧ್ಯಮವರ್ಗದ ಪ್ರತಿಷ್ಠೆಯೇ? ಜೆನೆಸಿಸ್ ಹುಟ್ಟಿದ್ದು ಚಾರ್ಟರ್‌ಹೌಸ್ ಎಂಬ ಸಿರಿವಂತರ ಶಾಲೆಯಲ್ಲಿ ಎಂಬುದು ಈ ವಾದಕ್ಕೆ ಬಲ ಕೊಡುತ್ತದೆ. ಆದರೆ ಜಾನ್ ಆಂಡರ್ಸನ್ ಲ್ಯಾಂಕಶೈರಿನ ಸಣ್ಣ ಊರಿನವನು. ಹಾಲು ಹಂಚಿ, ಲಾರಿ ಓಡಿಸಿ ದುಡಿದವನು. ರಶ್‌ನ ಗೆಡ್ಡಿ ಲೀಯ ತಂದೆತಾಯಿ ನಾಜಿ ಯಾತನಾ ಶಿಬಿರಗಳಿಂದ ಬದುಕುಳಿದು ಕೆನಡಾಕ್ಕೆ ಬಂದವರು. ವೇದಿಕೆಯ ಮೇಲೆ ಗಂಡಸರೇ ಹೆಚ್ಚಿದ್ದರು ಎಂಬುದು ನಿಜ; ರಿನೈಸಾನ್ಸ್ ಬ್ಯಾಂಡಿನ ಆನಿ ಹ್ಯಾಸ್ಲಮ್, ಕರ್ವ್ಡ್ ಏರ್‌ನ ಸೋನ್ಯಾ ಕ್ರಿಸ್ಟಿನಾ ಅವರಂಥವರ ಹೆಸರು ಈ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಸಿಗುವುದಿಲ್ಲ. ಇದು ಅಭಿಮಾನಿ ಬಳಗ ತಿದ್ದಿಕೊಳ್ಳಬೇಕಾದ ಲೋಪ. ಇಷ್ಟನ್ನು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಪ್ರತಿಷ್ಠೆಗಾಗಿಯೇ ಆರಿಸುವವರು ಪ್ರತಿಷ್ಠೆ ಇರುವುದನ್ನು ಆರಿಸುತ್ತಾರೆ. 1970ರ ದಶಕದ ಕೊನೆಯಿಂದ ಹಲವು ವರ್ಷ ಸಂಗೀತ ಪತ್ರಿಕೆಗಳು ಪ್ರೋಗ್ ಅನ್ನು ಹೀಯಾಳಿಸಿದವು. ಆ ಕಾಲದಲ್ಲಿ ಅದನ್ನು ಬಿಡದೆ ಕೇಳಿದವರಿಗೆ ಸಿಕ್ಕ ಸಾಮಾಜಿಕ ಲಾಭವೇನೂ ಇರಲಿಲ್ಲ.

ಆ ಹೀಯಾಳಿಕೆಯ ಕಾಲವೇ ವೈಯಕ್ತಿಕ ಅಭಿರುಚಿ ಎಷ್ಟು ಗಟ್ಟಿ ಎಂಬುದಕ್ಕೆ ದೊಡ್ಡ ಸಾಕ್ಷಿ ಒದಗಿಸುತ್ತದೆ. ಪಂಕ್ ಚಳವಳಿಯ ಮುಖವಾಗಿದ್ದ ಸೆಕ್ಸ್ ಪಿಸ್ಟಲ್ಸ್ ಗಾಯಕ ಜಾನ್ ಲೈಡನ್, ಪಿಂಕ್ ಫ್ಲಾಯ್ಡ್ ಮೇಲಿನ ದ್ವೇಷ ಸಾರುವ ಅಂಗಿ ತೊಟ್ಟು ಹೆಸರಾದವನು. ಅದೇ ಲೈಡನ್ 1977ರಲ್ಲಿ ಲಂಡನ್ನಿನ ಕ್ಯಾಪಿಟಲ್ ರೇಡಿಯೊದಲ್ಲಿ ತನ್ನ ಮೆಚ್ಚಿನ ಹಾಡುಗಳನ್ನು ಕೇಳಿಸುವ ಅವಕಾಶ ಬಂದಾಗ ಪೀಟರ್ ಹ್ಯಾಮಿಲ್‌ನನ್ನು ಆರಿಸಿದ. ವ್ಯಾನ್ ಡರ್ ಗ್ರಾಫ್ ಜನರೇಟರ್‌ನ ಅದೇ ಹ್ಯಾಮಿಲ್. ಪಂಕ್ ಮತ್ತು ಪ್ರೋಗ್ ಬದ್ಧವೈರಿಗಳೆಂಬ ಕಥೆಯನ್ನು ಪತ್ರಿಕೆಗಳು ಬರೆಯುತ್ತಿದ್ದವು. ಆ ಗಡಿಯನ್ನು ಒಬ್ಬ ಗಾಯಕನ ಸ್ವಂತ ಕಿವಿ ಲೆಕ್ಕಕ್ಕಿಡಲಿಲ್ಲ. ಇನ್ನೊಂದು ದಿಕ್ಕಿನಿಂದಲೂ ಈ ದಾಟುವಿಕೆ ನಡೆಯಿತು. ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್ ಅದೇ 1977ರಲ್ಲಿ ಡೇವಿಡ್ ಬೋವಿಯ ‘ಹೀರೋಸ್’ಗೆ ಗಿಟಾರ್ ನುಡಿಸಿದ. ಜೆನೆಸಿಸ್ ಬಿಟ್ಟ ಪೀಟರ್ ಗೇಬ್ರಿಯಲ್ ಜಗತ್ತಿನ ನಾನಾ ಸಂಗೀತಗಳನ್ನು ಒಂದೆಡೆ ತರುವ ‘ವೋಮ್ಯಾಡ್’ ಉತ್ಸವ ಕಟ್ಟಿದ. 1982ರ ಮೊದಲ ಉತ್ಸವ ಸಾಲದಲ್ಲಿ ಮುಳುಗಿದಾಗ ಜೆನೆಸಿಸ್‌ನ ಹಳೆಯ ಗೆಳೆಯರು ಅವನೊಂದಿಗೆ ಮತ್ತೆ ಸೇರಿ ಮಿಲ್ಟನ್ ಕೀನ್ಸ್‌ನಲ್ಲಿ ಸಹಾಯಾರ್ಥ ಕಾರ್ಯಕ್ರಮ ಕೊಟ್ಟರು.

ಅಭಿಮಾನ ಕೆಡುವ ಬಗೆಯನ್ನೂ ಮುಚ್ಚಿಡದೆ ಹೇಳಬೇಕು. ಗೇಬ್ರಿಯಲ್ 1975ರಲ್ಲಿ ಹೊರನಡೆದ ಮೇಲೆ ಡ್ರಮ್ಸ್ ವಾದಕ ಫಿಲ್ ಕಾಲಿನ್ಸ್ ಜೆನೆಸಿಸ್‌ನ ಗಾಯಕನಾದ. ಅಂದಿನಿಂದ ಹಳೆಯ ಜೆನೆಸಿಸ್ಸೇ ನಿಜವಾದದ್ದು, ಹೊಸದು ಮಾರಾಟದ ಸರಕು ಎನ್ನುವ ಒಂದು ಗುಂಪಿದೆ. 1986ರ ‘ಇನ್‌ವಿಸಿಬಲ್ ಟಚ್’ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ್ದನ್ನು ಅವರು ಪತನದ ಪುರಾವೆಯಾಗಿ ತೋರಿಸುತ್ತಾರೆ. ಅದೇ ಹೆಸರಿನ ಆಲ್ಬಂನಲ್ಲಿ ಹತ್ತು ನಿಮಿಷ ಮೀರುವ, ಎರಡು ಭಾಗಗಳ ‘ಡೊಮಿನೊ’ ಇದೆ. ಆಲ್ಬಂ ಮುಗಿಯುವುದು ಒಂದು ವಾದ್ಯರಚನೆಯಿಂದ. ಕೇಳದೆಯೇ ತೀರ್ಪು ಕೊಡುವ ಚಟ ಅಂಟಿದವರಿಗೆ ಅದು ಕಾಣಿಸುವುದಿಲ್ಲ. 2017ರಲ್ಲಿ ಪ್ರೋಗ್ ಕಲಾವಿದ ಸ್ಟೀವನ್ ವಿಲ್ಸನ್ ‘ಟು ದ ಬೋನ್’ ಆಲ್ಬಂನಲ್ಲಿ ‘ಪರ್ಮನೇಟಿಂಗ್’ ಎಂಬ ಉಲ್ಲಾಸದ ಪಾಪ್ ಹಾಡು ಸೇರಿಸಿದಾಗಲೂ ಸಿಡುಕಿದವರಿದ್ದರು. ಆದರೆ ಆತ ಸ್ವೀಡನ್ನಿನ ‘ಅಬ್ಬಾ’ ಬ್ಯಾಂಡಿನ ಮೇಲಿನ ತನ್ನ ಪ್ರೀತಿಯನ್ನು ಎಂದೂ ಬಚ್ಚಿಟ್ಟವನಲ್ಲ. ಅದೇ ವಿಲ್ಸನ್ 2025ರಲ್ಲಿ ಎರಡೇ ದೀರ್ಘ ರಚನೆಗಳ ‘ದಿ ಓವರ್‌ವ್ಯೂ’ ತಂದ. ಒಬ್ಬ ಕಲಾವಿದನಲ್ಲಿ ಎರಡೂ ಒಲವು ಒಟ್ಟಿಗಿರಬಹುದಾದರೆ ಕೇಳುಗನಲ್ಲಿ ಯಾಕಿರಬಾರದು? ಹಾಡೊಂದು ಹಿಡಿಸಲಿಲ್ಲ ಎನ್ನುವುದು ಅಭಿರುಚಿ. ಅದನ್ನು ಮೆಚ್ಚಿದವನು ನಮ್ಮವನಲ್ಲ ಎನ್ನುವುದು ಬೇಲಿ.

ಬೇಲಿ ಕಟ್ಟದ ಅಭಿಮಾನ ಏನು ಮಾಡಬಲ್ಲದು ಎಂಬುದನ್ನು ‘ಮರಿಲಿಯನ್’ ಬ್ಯಾಂಡಿನ ಕೇಳುಗರು ತೋರಿಸಿಕೊಟ್ಟರು. 1988ರಲ್ಲಿ ಗಾಯಕ ಫಿಶ್ ಬಿಟ್ಟುಹೋಗಿ, ಮರುವರ್ಷ ಸ್ಟೀವ್ ಹೊಗಾರ್ತ್ ಬಂದಾಗ ಅಲ್ಲೂ ಪಾಳೆಯಗಳಾದವು. ಆದರೂ ಉಳಿದವರ ನಂಟು ಎಷ್ಟು ಬಲವಾಗಿತ್ತೆಂದರೆ, 1997ರಲ್ಲಿ ಬ್ಯಾಂಡಿಗೆ ಅಮೆರಿಕ ಪ್ರವಾಸಕ್ಕೆ ಹಣವಿಲ್ಲವೆಂದು ತಿಳಿದ ಅಭಿಮಾನಿಗಳು ಅಂತರ್ಜಾಲದ ಮೂಲಕ ಸುಮಾರು 60 ಸಾವಿರ ಡಾಲರ್ ಕೂಡಿಸಿದರು. 2001ರ ‘ಅನೋರಾಕ್ನೊಫೋಬಿಯಾ’ ಆಲ್ಬಂಗೆ 12 ಸಾವಿರಕ್ಕೂ ಹೆಚ್ಚು ಜನ ಮುಂಗಡ ಹಣ ಕೊಟ್ಟರು. ಒಂದು ಸ್ವರವೂ ಕೇಳುವ ಮುನ್ನವೇ ಕೊಟ್ಟರು. ಜನರಿಂದ ಹಣ ಕೂಡಿಸಿ ಕಲೆಗೆ ಬಂಡವಾಳ ಒದಗಿಸುವ ಇಂದಿನ ಜಾಲತಾಣಗಳು ಹುಟ್ಟುವುದಕ್ಕೂ ವರ್ಷಗಳ ಹಿಂದಿನ ಮಾತಿದು. ಮುಂದೆ ಬರುವ ಆಲ್ಬಂ ಹಿಂದಿನದರಂತೆ ಇರುತ್ತದೆಂಬ ಭರವಸೆ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಹೊಸದನ್ನು ಕೇಳುವ ಹಕ್ಕಿಗಾಗಿ ಅವರು ದುಡ್ಡು ಕೊಟ್ಟರು. ಪ್ರೋಗ್ ಕೇಳುಗರು ಹಳೆಯ ಕಾಲಕ್ಕೆ ಅಂಟಿಕೊಂಡವರು ಎಂಬ ಕೊನೆಯ ಆಕ್ಷೇಪಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಈ ಸಂಗೀತ ನಮ್ಮಿಂದ ದೂರದ್ದೂ ಅಲ್ಲ. ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನಲ್ಲಿ ಹಾಡಿದ್ದಾನೆ. ಬೆಂಗಳೂರಿನ ‘ಅಗಂ’ ತಂಡ ತ್ಯಾಗರಾಜರ ಕೃತಿಗಳನ್ನೂ ತಿಲ್ಲಾನಗಳನ್ನೂ ರಾಕ್ ವಾದ್ಯಗಳ ನಡುವೆ ಹಿಗ್ಗಿಸಿ, ಇಲ್ಲಿಯದೇ ಒಂದು ಪ್ರೋಗ್ ಕಟ್ಟಿಕೊಂಡಿದೆ. ಶಾಸ್ತ್ರೀಯ ಸಂಗೀತದ ಮಡಿ ಕೆಟ್ಟಿತೆಂದು ಕೊರಗುವವರೂ, ರಾಕ್‌ನ ಕಾವು ಸಾಲದೆನ್ನುವವರೂ ಅದಕ್ಕಿದ್ದಾರೆ. ಇಬ್ಬರೂ ಪೂರ್ತಿ ಕೇಳಿ ಹೇಳುವುದಾದರೆ ಇಬ್ಬರ ಮಾತಿಗೂ ಬೆಲೆಯಿದೆ. ತಾಸುಗಟ್ಟಲೆ ಕಛೇರಿ ಕೇಳಿ, ರಾಗಾಲಾಪನೆ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂದು ಜಗಲಿಯಲ್ಲಿ ಕುಳಿತು ವಾದಿಸುವ ರಸಿಕರ ನಾಡಿನಲ್ಲಿ ಈ ಶಿಸ್ತು ಹೊಸತಲ್ಲ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಮೂವತ್ತು ಸೆಕೆಂಡು ಕೇಳಿ ಮುಂದಿನ ಹಾಡಿಗೆ ಹಾರುವ ಈ ದಿನಗಳಲ್ಲಿ, ‘ಕ್ಲೋಸ್ ಟು ದಿ ಎಡ್ಜ್’ ಆಗಲಿ, ‘ಪಾನ್ ಹಾರ್ಟ್ಸ್’ ಆಗಲಿ, ಒಂದನ್ನು ಆರಂಭದಿಂದ ಕೊನೆಯವರೆಗೆ ಬೇರೇನೂ ಮಾಡದೆ ಕೇಳಿ. ಇಷ್ಟವಾದರೆ ಯಾಕೆ ಎಂದು ಹೇಳಿ. ಇಷ್ಟವಾಗದಿದ್ದರೂ ಯಾಕೆ ಎಂದು ಹೇಳಿ. ಪಟ್ಟಿ ನೋಡಿ ಮೆಚ್ಚಬೇಡಿ, ಪಟ್ಟಿಗೆ ಹೆದರಿ ಸುಮ್ಮನಿರಲೂ ಬೇಡಿ. ಪೂರ್ತಿ ಕೇಳಿದವರ ಭಿನ್ನಮತಕ್ಕೆ, ಕೇಳದವರ ಒಮ್ಮತಕ್ಕಿಂತ ಹೆಚ್ಚಿನ ಬೆಲೆಯಿದೆ.