ಅರುವತ್ತು ಸನ್ನೆಗಳ ಸ್ವಂತ ಭಾಷೆ

ಪುಟ್ಟ ಹುಡುಗಿಯೊಬ್ಬಳು ಗಾಳಿಯಲ್ಲಿಯೇ ಏನನ್ನೋ ಹೋಳು ಮಾಡಿ, ಆ ಹೋಳಿಗೆ ಬೆಣ್ಣೆ ಸವರಿದಂತೆ ನಟಿಸುತ್ತಾಳೆ. ಮನೆಯವರು ಬ್ರೆಡ್ಡು ತಂದು ಕೊಡುತ್ತಾರೆ. ಮತ್ತೊಮ್ಮೆ ಯಂತ್ರದ ಹಿಡಿ ತಿರುಗಿಸುವಂತೆ ಕೈಯಾಡಿಸಿ, ಚಳಿ ಹತ್ತಿದವಳಂತೆ ಮೈ ನಡುಗಿಸುತ್ತಾಳೆ. ಈ ಸಲ ಆಕೆಗೆ ಬೇಕಾದದ್ದು ಐಸ್‌ಕ್ರೀಂ!

ಆ ಹುಡುಗಿಯೇ ಹೆಲೆನ್ ಕೆಲ್ಲರ್. ಅಮೆರಿಕದ ಅಲಬಾಮಾ ಪ್ರಾಂತದ ಟಸ್ಕಂಬಿಯಾದಲ್ಲಿ 1880ರಲ್ಲಿ ಜನಿಸಿದ ಆಕೆಯ ಕಣ್ಣು ಕಿವಿಗಳೆರಡನ್ನೂ ಹತ್ತೊಂಬತ್ತನೆಯ ತಿಂಗಳಿನಲ್ಲಿ ಬಂದ ಜ್ವರವು ಕಸಿದುಕೊಂಡಿತು. ಕಲಿತಿದ್ದ ತೊದಲುನುಡಿಗಳು ಅಳಿಸಿಹೋಗಿ, ನೀರಿಗೆ 'ವಾ-ವಾ' ಎನ್ನುವ ಉಲಿಯೊಂದು ಮಾತ್ರ ನಾಲಗೆಯಲ್ಲಿ ಉಳಿಯಿತು.

ಗುರುವು ಬರುವವರೆಗೆ ಹೆಲೆನಳಿಗೆ ಭಾಷೆಯೇ ಇರಲಿಲ್ಲವೆಂದು ಆಕೆಯ ಕಥೆ ಹೇಳುವವರು ಸಾಮಾನ್ಯವಾಗಿ ಭಾವಿಸುತ್ತಾರೆ. ಇದು ಆಕೆಗೆ ಮಾಡುವ ಅನ್ಯಾಯವೆಂದೇ ಹೇಳಬೇಕು. ಏಳು ತುಂಬುವುದರೊಳಗೆ ಆಕೆ ಸುಮಾರು ಅರುವತ್ತು ಸನ್ನೆಗಳನ್ನು ತಾನೇ ರೂಪಿಸಿಕೊಂಡಿದ್ದಳು. ಕೆನ್ನೆ ಮುಟ್ಟಿಕೊಂಡರೆ ಅಮ್ಮ. ಎಳೆದರೆ 'ಬಾ', ನೂಕಿದರೆ 'ಹೋಗು'.

ಈ ಭಾಷೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅಡಿಗೆಯವಳ ಮಗಳಾದ ಮಾರ್ಥಾ ವಾಷಿಂಗ್ಟನ್ ಎಂಬ ಕಪ್ಪು ಹುಡುಗಿ. ಹೆಲೆನಳಿಗಿಂತ ಎರಡು ಮೂರು ವರ್ಷ ದೊಡ್ಡವಳು. ಗಿನಿಕೋಳಿಗಳು ಹುಲ್ಲಿನ ಮರೆಯಲ್ಲಿ ಮೊಟ್ಟೆಯಿಡುತ್ತಿದ್ದುವು. ಹೆಲೆನಳು ಎರಡು ಮುಷ್ಟಿಗಳನ್ನೂ ನೆಲಕ್ಕೆ ಊರಿದಳೆಂದರೆ, ಮೊಟ್ಟೆ ಹುಡುಕಲು ಹೋಗೋಣವೆಂದು ಮಾರ್ಥಾಳಿಗೆ ಒಡನೆಯೇ ತಿಳಿಯುತ್ತಿತ್ತು. ಮೊಟ್ಟೆ ಸಿಕ್ಕಿದರೆ ಹೊತ್ತು ತರುವ ಅಧಿಕಾರ ಮಾತ್ರ ಹೆಲೆನಳದೇ. 'ನೀನು ಬಿದ್ದು ಒಡೆದುಬಿಡುತ್ತೀಯೆ' ಎಂಬುದನ್ನೂ ಸನ್ನೆಯಲ್ಲಿಯೇ ಖಂಡಿತವಾಗಿ ತಿಳಿಸುತ್ತಿದ್ದಳಂತೆ! ತಾನು ಮಾರ್ಥಾಳನ್ನು ದಬಾಯಿಸುತ್ತಿದ್ದೆನೆಂದು ಮುಂದೆ ಆತ್ಮಕಥೆಯಲ್ಲಿ ಹೆಲೆನಳೇ ಒಪ್ಪಿಕೊಂಡಿದ್ದಾಳೆ. ಒಡೆಯನ ಮಗಳ ಮನಸ್ಸನ್ನರಿತು ನಡೆಯುವುದು ಆ ಮನೆಯಲ್ಲಿ ಅಡಿಗೆಯವಳ ಮಗಳಿಗೆ ಅನಿವಾರ್ಯವೂ ಆಗಿದ್ದಿರಬೇಕು.

ಆದರೆ ಈ ಭಾಷೆ ಮನೆಯ ಬೇಲಿಯನ್ನು ದಾಟಲಾರದು. ನಟಿಸಿ ತೋರಿಸಲು ಬಾರದುದನ್ನು ನುಡಿಯುವ ಬಗೆಯೂ ಅದರಲ್ಲಿಲ್ಲ. ಉಳಿದವರು ತನ್ನಂತೆ ಕೈಯಿಂದಲ್ಲ, ಬಾಯಿಂದ ಏನನ್ನೋ ತಿಳಿಸಿಕೊಳ್ಳುತ್ತಾರೆಂದು ಬಾಲಕಿ ಕಂಡುಕೊಂಡಳು. ಮಾತನಾಡುವವರ ನಡುವೆ ನಿಂತು ಅವರ ತುಟಿಗಳನ್ನು ಮುಟ್ಟಿ ನೋಡಿದಳು. ತನ್ನ ತುಟಿಗಳನ್ನೂ ಹಾಗೆಯೇ ಆಡಿಸಿದಳು. ಯಾರಿಗೂ ಏನೂ ತಿಳಿಯಲಿಲ್ಲ. ಆಗ ಉಕ್ಕಿದ ಕೋಪದಲ್ಲಿ ದಣಿಯುವವರೆಗೂ ಒದ್ದಾಡಿ ಚೀರಿದಳು. ಮಗಳು ಹಟಮಾರಿಯೆಂದು ನೆಂಟರಿಷ್ಟರು ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ.

1887ರ ಮಾರ್ಚ್ 3ರಂದು ಇಪ್ಪತ್ತರ ತರುಣಿ ಆನ್ ಸಲ್ಲಿವನ್ ಗುರುವಾಗಿ ಬಂದಳು. ಅಂಗೈಯಲ್ಲಿ ಬೆರಳುಗಳಿಂದ ಅಕ್ಷರಗಳನ್ನು ಮೂಡಿಸಿ ಕಲಿಸತೊಡಗಿದಳು. ಹೆಲೆನಳಿಗೆ ಅದು ಇನ್ನೊಂದು ಬೆರಳಾಟ. ಕಲಿತ 'ಗೊಂಬೆ' ಎಂಬ ಪದವನ್ನು ಒಂದು ದಿನ ಮನೆಯ ನಾಯಿ ಬೆಲ್ಲಿಯ ಪಂಜ ಹಿಡಿದು ಅದಕ್ಕೂ ಕಲಿಸಲು ಹೊರಟಳು!

ಏಪ್ರಿಲ್ 5ರಂದು ತೋಟದ ಪಂಪಿನ ಬಳಿ ಒಂದು ಕೈಯ ಮೇಲೆ ತಣ್ಣೀರು ಸುರಿಯುತ್ತಿದ್ದಾಗ ಇನ್ನೊಂದು ಕೈಯಲ್ಲಿ ಗುರುವು 'ನೀರು' ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ಐದಕ್ಷರಗಳನ್ನು ಮೂಡಿಸಿದಳು. ಬೆರಳಾಟಕ್ಕೆ ಅರ್ಥವಿದೆಯೆಂದು ಆ ಕ್ಷಣದಲ್ಲಿ ಹೊಳೆಯಿತು. ಮನೆಗೆ ಹಿಂದಿರುಗುವಾಗ ಸಿಕ್ಕ ಸಿಕ್ಕ ವಸ್ತುಗಳನ್ನೆಲ್ಲ ಮುಟ್ಟಿ ಹೆಸರು ಕೇಳಿದಳು; ಅಮ್ಮ, ಅಪ್ಪ, ತಂಗಿ, ಗುರು ಎಂಬ ಪದಗಳೆಲ್ಲ ಅಂದೇ ಕೈಗೆ ಬಂದುವು. ಐದು ವರ್ಷಗಳ ಕಾಲ ಒಂಟಿಯಾಗಿ ಕಾಪಾಡಿಕೊಂಡು ಬಂದಿದ್ದ 'ವಾ-ವಾ' ಎಂಬ ಉಲಿಯನ್ನು, ಆ ಪದದ ಅಕ್ಷರಗಳನ್ನು ಕಲಿತ ಮೇಲೆ, ಹೆಲೆನಳು ಬಿಟ್ಟುಬಿಟ್ಟಳು.