ಭತ್ತದ ತಳಿಗಳ ಇಳುವರಿ ಮತ್ತು ಕೀಟ ಪ್ರತಿರೋಧದ ಮೌಲ್ಯಮಾಪನ

ಭತ್ತದ ತಳಿಗಳ ಇಳುವರಿ ಮತ್ತು ಕೀಟ ಪ್ರತಿರೋಧದ ಮೌಲ್ಯಮಾಪನವು ಹಲವು ತಳಿಗಳನ್ನು ಒಂದೇ ಪರಿಸ್ಥಿತಿಯಲ್ಲಿ ಬೆಳೆದು, ಅವುಗಳ ಧಾನ್ಯದ ಉತ್ಪಾದನೆಯನ್ನೂ ಕೀಟಗಳ ಹಾವಳಿಯನ್ನು ತಡೆಯುವ ಶಕ್ತಿಯನ್ನೂ ಅಳೆದು ಹೋಲಿಸುವ ಕೃಷಿ ಸಂಶೋಧನಾ ವಿಧಾನವಾಗಿದೆ. ಹೆಚ್ಚು ಇಳುವರಿ ಕೊಡುವ ತಳಿಯು ಕೀಟಬಾಧೆಯ ವರ್ಷದಲ್ಲೂ ಹಾಗೆಯೇ ಫಲಿಸುತ್ತದೆ ಎನ್ನಲಾಗದು. ಆದ್ದರಿಂದ ಈ ಎರಡು ಗುಣಗಳನ್ನು ಬೇರೆ ಬೇರೆಯಾಗಿ ಅಳೆದು, ಅನಂತರ ಒಟ್ಟಿಗೆ ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಭಾರತದಲ್ಲಿ ಭತ್ತದ ತಳಿಗಳ ಬಹುಸ್ಥಳ ಪರೀಕ್ಷೆಯನ್ನು 1965ರಲ್ಲಿ ಆರಂಭವಾದ ಅಖಿಲ ಭಾರತ ಸಮನ್ವಿತ ಭತ್ತ ಸುಧಾರಣಾ ಯೋಜನೆಯು ನಡೆಸುತ್ತದೆ. ಇದರ ಕೇಂದ್ರ ಹೈದರಾಬಾದಿನಲ್ಲಿದೆ. 1960ರ ದಶಕದಲ್ಲಿ ತೈವಾನಿನ ಗಿಡ್ಡ ತಳಿಯಾದ ತೈಚುಂಗ್ ನೇಟಿವ್ 1 (ಟಿಎನ್ 1) ಭಾರತಕ್ಕೆ ಬಂದಿತು. ಇದನ್ನು ಟಿ 141ರೊಂದಿಗೆ ಸಂಕರಿಸಿ ಪಡೆದ 'ಜಯ' ತಳಿಯು 1968ರಲ್ಲಿ ಬಿಡುಗಡೆಯಾಗಿ ಕರ್ನಾಟಕದಲ್ಲೂ ವ್ಯಾಪಕವಾಗಿ ಹರಡಿತು. ಟಿಎನ್ 1 ಬಹುತೇಕ ಎಲ್ಲ ಪ್ರಮುಖ ಕೀಟಗಳಿಗೂ ಸುಲಭವಾಗಿ ತುತ್ತಾಗುವುದರಿಂದ, ಇಂದಿಗೂ ಅದನ್ನು ಪರೀಕ್ಷೆಗಳಲ್ಲಿ 'ಕೀಟಕ್ಕೆ ತುತ್ತಾಗುವ ಹೋಲಿಕೆ ತಳಿ'ಯಾಗಿ ಬೆಳೆಯಲಾಗುತ್ತದೆ.

ಉತ್ತರ ಕನ್ನಡದ ಅರೆಮಲೆನಾಡು

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಸನವಳ್ಳಿ ಮತ್ತು ಸುತ್ತಲಿನ ಗ್ರಾಮಗಳು ಹಾಗೂ ಹಳಿಯಾಳದ ಸೀಮೆಯು ಮಲೆನಾಡು ಮತ್ತು ಬಯಲುಸೀಮೆಗಳ ನಡುವಿನ ಭತ್ತದ ಪ್ರದೇಶವಾಗಿದೆ. ಇಲ್ಲಿ ನಾಟಿಯ ಜೊತೆಗೆ, ಮಳೆಗಾಲದ ಆರಂಭದಲ್ಲಿ ಒಣ ಮಣ್ಣಿಗೆ ಕೂರಿಗೆಯಿಂದ ಬಿತ್ತುವ ಪದ್ಧತಿಯೂ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮುಗದ ಮತ್ತು ಶಿರಸಿ ಕೇಂದ್ರಗಳು ಈ ಭಾಗದ ಭತ್ತದ ಬೆಳೆಯ ಮೇಲೆ ಸಂಶೋಧನೆ ನಡೆಸಿವೆ. ನೀರಾವರಿಯ ನಾಟಿ ಗದ್ದೆಯಲ್ಲಿ ಪಡೆದ ಫಲಿತಾಂಶವನ್ನು ಮಳೆಯಾಶ್ರಿತ ಕೂರಿಗೆ ಭತ್ತಕ್ಕೆ ನೇರವಾಗಿ ಅನ್ವಯಿಸಲಾಗುವುದಿಲ್ಲ. ಬಿತ್ತನೆಯ ಕಾಲ, ಗದ್ದೆಯಲ್ಲಿ ನೀರು ನಿಲ್ಲುವ ಅವಧಿ ಮತ್ತು ಕೀಟದ ಹಾವಳಿಯ ಸಮಯ ಎರಡರಲ್ಲೂ ಬೇರೆಬೇರೆಯಾಗಿರುತ್ತವೆ.

ಪ್ರಮುಖ ಕೀಟಗಳು

ಕಣೆ ನೊಣ (ಓರ್ಸಿಯೋಲಿಯಾ ಒರೈಜೇ): ಸೊಳ್ಳೆಯನ್ನು ಹೋಲುವ ಈ ಸಣ್ಣ ನೊಣದ ಮರಿಹುಳುವು ತೆಂಡೆಯ ಬೆಳೆಯುವ ತುದಿಯನ್ನು ಸೇರುತ್ತದೆ. ಆಗ ಎಲೆಯ ಬದಲು ಈರುಳ್ಳಿ ಎಲೆಯಂತಹ ಬೆಳ್ಳಗಿನ ಕೊಳವೆ ಹೊರಬರುತ್ತದೆ. ಅಂತಹ ತೆಂಡೆಯಲ್ಲಿ ತೆನೆ ಬರುವುದಿಲ್ಲ. ಕೊಳವೆ ಕಣ್ಣಿಗೆ ಬೀಳುವ ವೇಳೆಗೆ ಹಾನಿ ಮುಗಿದಿರುವುದರಿಂದ ಆಮೇಲೆ ಔಷಧಿ ಸಿಂಪಡಿಸಿದರೂ ಆ ತೆಂಡೆ ಉಳಿಯುವುದಿಲ್ಲ. ಪ್ರತಿರೋಧವುಳ್ಳ ತಳಿಯ ಮಹತ್ವ ಇಲ್ಲಿ ಹೆಚ್ಚು.

ಕಂದು ಜಿಗಿಹುಳು (ನಿಲಪರ್ವತ ಲುಗೆನ್ಸ್): ಬುಡದಲ್ಲಿ ಗುಂಪಾಗಿ ಕುಳಿತು ರಸ ಹೀರುತ್ತದೆ. ಬೆಳೆ ವೃತ್ತಾಕಾರವಾಗಿ ಸುಟ್ಟಂತೆ ಒಣಗುತ್ತದೆ.

ಕಾಂಡಕೊರಕ: ಎಳೆಯ ಬೆಳೆಯಲ್ಲಿ ಸುಳಿ ಒಣಗಿಸುತ್ತದೆ, ತೆನೆ ಹಂತದಲ್ಲಿ ಜೊಳ್ಳಾದ ಬಿಳಿ ತೆನೆಗಳನ್ನು ಉಂಟುಮಾಡುತ್ತದೆ. ಇದಕ್ಕೆ ಬೆಳೆಸುವ ಭತ್ತದಲ್ಲಿ ಪ್ರಬಲ ಪ್ರತಿರೋಧ ಕಂಡುಬಂದಿಲ್ಲ. ಟಿಕೆಎಂ 6ರಂತಹ ಕೆಲವು ತಳಿಗಳಲ್ಲಿ ಮಧ್ಯಮ ಪ್ರತಿರೋಧವಿದೆ.

ಪ್ರತಿರೋಧದ ಬಗೆಗಳು

ಅಮೆರಿಕದ ಕೀಟಶಾಸ್ತ್ರಜ್ಞ ರೆಜಿನಾಲ್ಡ್ ಪೇಂಟರ್ 1951ರಲ್ಲಿ ಸಸ್ಯಗಳ ಕೀಟ ಪ್ರತಿರೋಧವನ್ನು ಮೂರಾಗಿ ವಿಂಗಡಿಸಿದರು: ಕೀಟವು ಸಸ್ಯವನ್ನು ಒಲ್ಲದಿರುವುದು, ಸಸ್ಯವನ್ನು ತಿಂದ ಕೀಟ ಸಾಯುವುದು ಅಥವಾ ಕುಂಠಿತವಾಗುವುದು, ಮತ್ತು ಕೀಟ ತಿಂದರೂ ಸಸ್ಯವು ಹಾನಿಯನ್ನು ತಾಳಿಕೊಂಡು ಫಲ ಕೊಡುವುದು. ಮೂರನೆಯ ಬಗೆಯನ್ನು ಕೀಟಗಳ ಎಣಿಕೆಯಿಂದಷ್ಟೇ ಗುರುತಿಸಲಾಗದು. ಅದಕ್ಕೆ ಇಳುವರಿಯ ಅಳತೆಯೂ ಬೇಕು.

ಅಂಕ ನೀಡುವ ವಿಧಾನ

ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ರೂಪಿಸಿದ ಪ್ರಮಾಣಿತ ಪದ್ಧತಿಯಲ್ಲಿ ಹಾನಿಗೆ 0ಯಿಂದ 9ರವರೆಗೆ ಅಂಕ ಕೊಡಲಾಗುತ್ತದೆ. ಅಂಕ ಕಡಿಮೆಯಾದಷ್ಟೂ ಪ್ರತಿರೋಧ ಹೆಚ್ಚು. ಗದ್ದೆಯಲ್ಲಿ ಕಣೆ ನೊಣಕ್ಕೆ ತುತ್ತಾದ ತೆಂಡೆಗಳ ಪ್ರಮಾಣಕ್ಕೆ ನೀಡುವ ಅಂಕಗಳು ಹೀಗಿವೆ:

- ಹಾನಿ ಇಲ್ಲ: 0
- ಶೇ. 1ಕ್ಕಿಂತ ಕಡಿಮೆ: 1
- ಶೇ. 1–5: 3
- ಶೇ. 6–10: 5
- ಶೇ. 11–25: 7
- ಶೇ. 25ಕ್ಕಿಂತ ಹೆಚ್ಚು: 9

ಕೀಟವೇ ಬಾರದ ಗದ್ದೆಯಲ್ಲಿ ಎಲ್ಲ ತಳಿಗಳೂ ಪ್ರತಿರೋಧವುಳ್ಳವುಗಳಂತೆ ತೋರುತ್ತವೆ. ಆದ್ದರಿಂದ ಹೋಲಿಕೆ ತಳಿಯಲ್ಲಿ ಸಾಕಷ್ಟು ಹಾನಿ ಕಂಡರೆ ಮಾತ್ರ ಪರೀಕ್ಷೆಯನ್ನು ಮಾನ್ಯ ಮಾಡಲಾಗುತ್ತದೆ. ಕಂದು ಜಿಗಿಹುಳುವಿಗೆ ಹಸಿರುಮನೆಯ ತಟ್ಟೆಗಳಲ್ಲಿ ಸಸಿ ಬೆಳೆಸಿ, ಅವುಗಳ ಮೇಲೆ ಮರಿಗಳನ್ನು ಬಿಟ್ಟು, ಟಿಎನ್ 1 ಸಸಿಗಳು ಬಹುತೇಕ ಸತ್ತಾಗ ಅಂಕ ನೀಡುತ್ತಾರೆ. ಅಲ್ಲಿ ಕೇರಳದ ಪಟ್ಟಾಂಬಿಯ ಪಿಟಿಬಿ 33 ಪ್ರತಿರೋಧವುಳ್ಳ ಹೋಲಿಕೆ ತಳಿಯಾಗಿದೆ.

ಇಳುವರಿಯ ಅಳತೆ

ತಳಿಗಳನ್ನು ಸಮಾನ ಗಾತ್ರದ ತಾಕುಗಳಲ್ಲಿ ಯಾದೃಚ್ಛಿಕವಾಗಿ ಹಂಚಿ, ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಬಾರಿ ಪುನರಾವರ್ತಿಸುತ್ತಾರೆ. ಅಂಚಿನ ಸಾಲುಗಳನ್ನು ಬಿಟ್ಟು ಕೊಯ್ದು, ಧಾನ್ಯದ ತೂಕವನ್ನು ಶೇ. 14ರ ತೇವಾಂಶಕ್ಕೆ ಹೊಂದಿಸಲಾಗುತ್ತದೆ. 20 ಚದರ ಮೀಟರ್‌ನಿಂದ ಶೇ. 20ರ ತೇವಾಂಶವಿರುವ 12 ಕಿಲೋಗ್ರಾಂ ಧಾನ್ಯ ದೊರೆತರೆ, ಹೊಂದಿಸಿದ ತೂಕ 12 × 80 ÷ 86, ಅಂದರೆ ಸುಮಾರು 11.16 ಕಿಲೋಗ್ರಾಂ. ಇದು ಹೆಕ್ಟೇರಿಗೆ ಸುಮಾರು 55.8 ಕ್ವಿಂಟಲ್‌ಗೆ ಸಮ.

ಕೀಟದಿಂದಾದ ನಷ್ಟವನ್ನು ತಿಳಿಯಲು ಪ್ರತಿ ತಳಿಯನ್ನು ಕೀಟನಾಶಕದ ರಕ್ಷಣೆಯಿರುವ ಮತ್ತು ಇಲ್ಲದ ತಾಕುಗಳೆರಡರಲ್ಲೂ ಬೆಳೆಯಬೇಕು. ಉದಾಹರಣೆಗೆ, ಒಂದು ತಳಿಯು ರಕ್ಷಣೆಯಲ್ಲಿ 55 ಕ್ವಿಂಟಲ್, ರಕ್ಷಣೆಯಿಲ್ಲದೆ 40 ಕ್ವಿಂಟಲ್ ಕೊಟ್ಟರೆ ನಷ್ಟ ಸುಮಾರು ಶೇ. 27. ಇನ್ನೊಂದು ತಳಿಯು 48 ಮತ್ತು 45 ಕ್ವಿಂಟಲ್ ಕೊಟ್ಟರೆ ನಷ್ಟ ಶೇ. 6.25 ಮಾತ್ರ. ರಕ್ಷಿತ ತಾಕಿನಲ್ಲಿ ಮೊದಲನೆಯದು ಮೇಲು. ಔಷಧಿ ಸಿಂಪಡಿಸದ ರೈತನ ಗದ್ದೆಯಲ್ಲಿ ಎರಡನೆಯದು 5 ಕ್ವಿಂಟಲ್ ಹೆಚ್ಚು ಕೊಡುತ್ತದೆ.

ಕೀಟದ ಜೈವಿಕ ಪ್ರಭೇದಗಳು

ಪ್ರತಿರೋಧವು ತಳಿಯ ಶಾಶ್ವತ ಗುಣವಲ್ಲ. ಐಆರ್ 8 ಮತ್ತು ಸಿಯಾಂ 29ರ ಸಂಕರದಿಂದ ಬಂದ 'ಫಾಲ್ಗುಣ' ತಳಿಯು ಕಣೆ ನೊಣಕ್ಕೆ ಪ್ರತಿರೋಧ ತೋರಿತ್ತು. 1980ರ ದಶಕದಲ್ಲಿ ಆಂಧ್ರಪ್ರದೇಶದ ಶ್ರೀಕಾಕುಳಂ ಭಾಗದಲ್ಲಿ ಕೀಟದ ಹೊಸ ಜೈವಿಕ ಪ್ರಭೇದವು ಅದನ್ನು ಮುರಿಯಿತು. 1973ರಲ್ಲಿ ಬಿಡುಗಡೆಯಾದ ಐಆರ್ 26 ಕೂಡ ಕೆಲವೇ ವರ್ಷಗಳಲ್ಲಿ ಫಿಲಿಪೀನ್ಸ್ ಮತ್ತು ಇಂಡೊನೇಷ್ಯಾಗಳಲ್ಲಿ ಕಂದು ಜಿಗಿಹುಳುವಿಗೆ ತುತ್ತಾಯಿತು. ಒಂದೇ ಜೀನ್ ಇರುವ ತಳಿಯನ್ನು ವಿಸ್ತಾರವಾಗಿ ಬೆಳೆದಾಗ, ಅದನ್ನು ಮೀರಬಲ್ಲ ಕೀಟಗಳು ಮಾತ್ರ ಉಳಿದು ವೃದ್ಧಿಯಾಗುವುದು ಇದಕ್ಕೆ ಕಾರಣ. ಆದ್ದರಿಂದ ಹಲವು ಪ್ರತಿರೋಧ ಜೀನ್‌ಗಳನ್ನು ಒಂದೇ ತಳಿಯಲ್ಲಿ ಸೇರಿಸುವ ಪ್ರಯತ್ನಗಳು ನಡೆದಿವೆ.

ಶಿಫಾರಸು

ಒಂದು ಹಂಗಾಮಿನ ಅಥವಾ ಒಂದೇ ಸ್ಥಳದ ಫಲಿತಾಂಶದ ಮೇಲೆ ತಳಿಯನ್ನು ಶಿಫಾರಸು ಮಾಡುವುದಿಲ್ಲ. ಹಲವು ವರ್ಷಗಳ ಪರೀಕ್ಷೆಯ ನಂತರ ರೈತರ ಗದ್ದೆಗಳಲ್ಲಿ ಪ್ರಯೋಗ ನಡೆಸಿ, ಇಳುವರಿ ಮತ್ತು ಪ್ರತಿರೋಧದ ಜೊತೆಗೆ ಬೆಳೆಯ ಅವಧಿ, ಹುಲ್ಲಿನ ಪ್ರಮಾಣ ಹಾಗೂ ಅಕ್ಕಿಯ ಗುಣಮಟ್ಟವನ್ನೂ ಪರಿಗಣಿಸಲಾಗುತ್ತದೆ.